‘ಸವ್ಯಸಾಚಿ’ ಎಂದರೆ ಎಡಗೈ ಬಿಲ್ಲುಗಾರನೇ?

ಪ್ರಶ್ನೆ: ಧಾರವಾಡದ ಸನ್ಮಾನ ಸಮಾರಂಭವೊಂದರಲ್ಲಿ ಕವಿತೆ, ನಾಟಕ, ವಿಮರ್ಶೆ ಮೂರರಲ್ಲೂ ಹೆಸರಾದ ಹಿರಿಯ ಲೇಖಕಿಯನ್ನು ‘ಸವ್ಯಸಾಚಿ’ ಎಂದು ಹೊಗಳಿದರು. ಎಡಗೈಯಿಂದ ಬಾಣ ಬಿಡುವವನು ಎಂಬರ್ಥದ ಈ ಪದ ಸಾಹಿತಿಗೆ, ಅದರಲ್ಲೂ ಮಹಿಳೆಗೆ, ಒಪ್ಪುತ್ತದೆಯೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸಿಡಿಲು ಬಡಿದಾಗ ಮನೆಯ ಹಿರಿಯರು ‘ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ’ ಎಂದು ಹೇಳಿಕೊಳ್ಳುವ ಹತ್ತು ಹೆಸರುಗಳಲ್ಲಿ ಇದೂ ಒಂದು. ‘ಸವ್ಯ’ ಎಂದರೆ ಎಡ. ಜನಿವಾರದ ಸವ್ಯ, ಅಪಸವ್ಯಗಳಲ್ಲಿರುವುದೂ ಇದೇ ಸವ್ಯ. ‘ಸಾಚಿ’ ಎಂಬುದು ಕೂಡಿರು, ಜೊತೆಗಿರು ಎಂಬರ್ಥದ ‘ಸಚ್’ ಧಾತುವಿನಿಂದ ಬಂದಿದೆ. ಅರಸನ ಜೊತೆಗಿರುವ ‘ಸಚಿವ’ನೂ ಅದೇ ಧಾತುವಿನಿಂದ ಹುಟ್ಟಿದವನು.

ಅಕ್ಷರಶಃ ಅರ್ಥ ಎಡಗೈಗಷ್ಟೇ ಸಲ್ಲುತ್ತದೆಯಾದರೂ, ಅರ್ಜುನನನ್ನು ಬರೀ ಎಡಚ ಎಂದು ತಿಳಿಯುವುದು ಸರಿಯಲ್ಲ. ಬಿಲ್ಲುಗಾರನು ಸಾಮಾನ್ಯವಾಗಿ ಎಡಗೈಯಲ್ಲಿ ಬಿಲ್ಲನ್ನು ಹಿಡಿದು ಬಲಗೈಯಿಂದ ಹೆದೆಯನ್ನು ಸೆಳೆಯುತ್ತಾನೆ. ಬೆರಳು, ಭುಜ, ಗುರಿ ನೋಡುವ ಕಣ್ಣು ಎಲ್ಲವೂ ಆ ಒಂದು ಬದಿಗೇ ಪಳಗಿರುವುದರಿಂದ ಕೈ ಬದಲಿಸಿ ಗುರಿಯಿಡುವುದು ಬಲು ಕಷ್ಟ. ಮಹಾಭಾರತದ ವಿರಾಟಪರ್ವದಲ್ಲಿ, ಆಯುಧಗಳನ್ನು ಬಚ್ಚಿಟ್ಟ ಬನ್ನಿ ಮರದ ಬಳಿ, ಬೃಹನ್ನಳೆಯೇ ಅರ್ಜುನನೆಂದು ನಂಬಲಾರದ ಉತ್ತರಕುಮಾರನು ಆ ಹತ್ತು ಹೆಸರುಗಳ ಕಾರಣವನ್ನು ಕೇಳುತ್ತಾನೆ. ಆಗ ಅರ್ಜುನನು, ಗಾಂಡೀವವನ್ನು ಸೆಳೆಯುವಾಗ ತನ್ನ ಎರಡು ಕೈಗಳೂ ಬಲಗೈಗಳೇ, ಆದ್ದರಿಂದ ತನಗೆ ಆ ಹೆಸರು ಬಂತು ಎನ್ನುತ್ತಾನೆ. ಈ ಹೆಸರಿಗೆ ಇದಕ್ಕಿಂತ ಸೊಗಸಾದ ವಿವರಣೆ ಬೇಕಿಲ್ಲವೆಂದು ನನ್ನ ಭಾವನೆ. ಮಳೆ ಕೈಕೊಟ್ಟ ವರ್ಷ ನಮ್ಮ ಊರುಗಳಲ್ಲಿ ಗದುಗಿನ ಭಾರತದ ವಿರಾಟಪರ್ವವನ್ನು ಓದಿಸುವ ರೂಢಿಯಿದ್ದುದರಿಂದ, ಅಕ್ಷರ ಕಲಿಯದವರಿಗೂ ಈ ಪ್ರಸಂಗ ಪರಿಚಿತವಾಗಿತ್ತು.

‘ಧನುರ್ಧರ’, ‘ಧನ್ವಿ’, ‘ಬಿಲ್ಲಾಳು’ ಮೊದಲಾದ ಪದಗಳು ಬಿಲ್ಲು ಹಿಡಿದ ಯಾರಿಗಾದರೂ ಸಲ್ಲುತ್ತವೆ. ‘ಸವ್ಯಸಾಚಿ’ ಮಾತ್ರ ಒಬ್ಬನ ಪಳಗಿದ ಕೈಗಳನ್ನು ಹೇಳುತ್ತದೆ. ಅದರಲ್ಲಿ ಬಿಲ್ಲಿನ ಹೆಸರೇ ಇಲ್ಲದ ಕಾರಣ, ಅದು ಯುದ್ಧರಂಗವನ್ನು ಬಿಟ್ಟು ಸಾಹಿತ್ಯ, ಸಂಗೀತಗಳಿಗೆ ಸುಲಭವಾಗಿ ನಡೆದುಬಂತು ಎನಿಸುತ್ತದೆ. ಹಲವು ಪ್ರಕಾರಗಳಲ್ಲಿ ಬರೆದವರಿಗೆಲ್ಲ ಅದನ್ನು ಬಳಸುವುದು ಇಂದು ರೂಢಿಯಾಗಿದೆ, ತಪ್ಪೆನ್ನಲಾಗದು. ಆದರೂ ಎರಡು ಕ್ಷೇತ್ರಗಳಲ್ಲಿ ಸರಿಸಮನಾದ ಪ್ರೌಢಿಮೆ ಇದ್ದವರಿಗೆ ‘ಸವ್ಯಸಾಚಿ’ಯನ್ನು ಮೀಸಲಿಟ್ಟು, ಉಳಿದವರನ್ನು ‘ಬಹುಮುಖ ಪ್ರತಿಭೆ’ ಎಂದರೆ ಪದದ ಹರಿತ ಉಳಿಯುತ್ತದೆ.

ಮಹಿಳೆಯರಿಗೆ ಸಂಸ್ಕೃತದಂತೆ ‘ಸವ್ಯಸಾಚಿನಿ’ ಎನ್ನಬಹುದಾದರೂ, ಕನ್ನಡದಲ್ಲಿ ‘ಮಂತ್ರಿ’ಯಂತೆ ‘ಸವ್ಯಸಾಚಿ’ಯೂ ಇಬ್ಬರಿಗೂ ಸಲ್ಲುತ್ತದೆ.