ಗ್ರೂಪಿನಿಂದ ತೆಗೆದಿರಿ ಸರಿ, ಕಾರಣ ಹೇಳಿದಿರಾ?

ಪ್ರಶ್ನೆ: ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದ ರೈತರ ವಾಟ್ಸ್‌ಆ್ಯಪ್ ಗ್ರೂಪಿಗೆ ನಾವು ನಾಲ್ವರು ಅಡ್ಮಿನ್‌ಗಳು. ಮೇಲ್ಭಾಗದಲ್ಲಿ ಅಕ್ರಮವಾಗಿ ಪಂಪ್‌ಸೆಟ್ ಹಚ್ಚಿ ನೀರೆತ್ತುತ್ತಿದ್ದಾರೆಂದು ಸದಸ್ಯರೊಬ್ಬರು ಒಬ್ಬರ ಫೋನ್ ನಂಬರ್ ಸಮೇತ ಬರೆದರು. ಸಂದೇಶ ಅಳಿಸಿ, ಬರೆದವರನ್ನು ತೆಗೆದೆವು. ಈಗ ‘ಅಡ್ಮಿನ್‌ಗಳು ಮೇಲ್ಭಾಗದವರ ಜೊತೆ ಶಾಮೀಲು’ ಅನ್ನುವ ಮಾತು ಎದ್ದಿದೆ. ಏನು ಮಾಡೋಣ? — ಓದುಗರು, ಮಾನ್ವಿ

ಉತ್ತರ: ಆ ಸಂದೇಶದಲ್ಲಿ ಎರಡು ಸಂಗತಿಗಳಿದ್ದವು: ನೀರಿನ ದೂರು, ಇನ್ನೊಬ್ಬರ ನಂಬರ್. ನೀವು ಅಳಿಸಿದ್ದು ನಂಬರಿಗಾಗಿ, ಜನ ತಿಳಿದದ್ದು ದೂರಿಗಾಗಿ ಎಂದು. ಅಡ್ಮಿನ್ ಅಳಿಸಿದರೆ ಯಾರು ಅಳಿಸಿದರೆಂದು ವಾಟ್ಸ್‌ಆ್ಯಪ್ ಅಲ್ಲೇ ತೋರಿಸುತ್ತದೆ, ಏಕೆ ಎಂಬುದನ್ನು ಮಾತ್ರ ತೋರಿಸುವುದಿಲ್ಲ. ಆ ಖಾಲಿ ಜಾಗದಲ್ಲಿ ಪ್ರತಿಯೊಬ್ಬರೂ ತಮಗೆ ತೋಚಿದ ಕಾರಣ ತುಂಬಿಕೊಳ್ಳುತ್ತಾರೆ. ಅದಕ್ಕೆ ಅಳಿಸಿದ ದಿನವೇ ಹೀಗೊಂದು ಸೂಚನೆ ಹಾಕಬೇಕು:

“ಆಗಸ್ಟ್ 12, ಸಂಜೆ 6. ನಾಲೆಯ ಮೈಲ್ 69ರ ಮೇಲ್ಭಾಗದ ಪಂಪ್‌ಸೆಟ್ ಕುರಿತ ಒಂದು ಸಂದೇಶ ಅಳಿಸಿದ್ದೇವೆ. ಕಾರಣ: ನಿಯಮ 3, ಇನ್ನೊಬ್ಬರ ಫೋನ್ ನಂಬರ್ ಹಾಕುವಂತಿಲ್ಲ. ನೀರಿನ ದೂರಿಗೆ ಅಡ್ಡಿಯಿಲ್ಲ, ನಂಬರ್ ಬಿಟ್ಟು ಯಾರಾದರೂ ಹಾಕಬಹುದು. ಬರೆದವರು 7 ದಿನ ಗ್ರೂಪಿನಿಂದ ಹೊರಗಿರುತ್ತಾರೆ. 19ರ ಸಂಜೆ ನಾವೇ ಮತ್ತೆ ಸೇರಿಸುತ್ತೇವೆ. ಇದು ಇಬ್ಬರು ಅಡ್ಮಿನ್‌ಗಳ ತೀರ್ಮಾನ. ಒಪ್ಪಿಗೆಯಾಗದಿದ್ದರೆ 3 ದಿನದೊಳಗೆ ಉಳಿದ ಇಬ್ಬರಿಗೆ ಮೇಲ್ಮನವಿ ಕೊಡಬಹುದು.”

ಇದರಲ್ಲಿ ಬಹಳ ಮುಖ್ಯವಾದದ್ದು ‘ನೀರಿನ ದೂರಿಗೆ ಅಡ್ಡಿಯಿಲ್ಲ’ ಎಂಬ ಸಾಲು. ಹಾಗೆ ಬರೆದ ಮೇಲೆ ದೂರು ಮತ್ತೆ ಬಂದರೆ ತಡೆಯಬೇಡಿ. ಶಾಮೀಲು ಅನ್ನುವವರ ಬಾಯಿ ಮುಚ್ಚಿಸಲು ಬೇರೆ ವಿವರಣೆ ಬೇಕಿಲ್ಲ. ಮೇಲ್ಮನವಿ ಕೇಳುವವರು ಮೊದಲ ತೀರ್ಮಾನದಲ್ಲಿ ಇರಲೇಬಾರದು. ನೀವು ನಾಲ್ವರಿರುವುದು ಇದಕ್ಕೆ ಅನುಕೂಲ.

ಸೂಚನೆಯಲ್ಲಿ ಶಿಕ್ಷೆಗೊಳಗಾದವರ ಹೆಸರು ಹಾಕುವ ಅಗತ್ಯವಿಲ್ಲ. ಅವರಿಗೆ ಅದೇ ಮಾತನ್ನು ಖಾಸಗಿಯಾಗಿಯೂ ಕಳಿಸಿ, ಏಕೆಂದರೆ ಹೊರಗಿರುವವರಿಗೆ ಗ್ರೂಪಿನ ಸೂಚನೆ ಕಾಣುವುದಿಲ್ಲ. ಆ ಸಂದೇಶದ ಬಗ್ಗೆ ನಿಮಗೆ ಯಾರಾದರೂ ದೂರು ಕೊಟ್ಟಿದ್ದರೆ ಅವರ ಹೆಸರನ್ನಂತೂ ಯಾವ ಕಾರಣಕ್ಕೂ ಹೊರಗೆಡವಬೇಡಿ. ಒಂದೇ ಊರು, ಒಂದೇ ನಾಲೆ, ನಾಳೆ ಬದುವಿನ ಮೇಲೆ ಇಬ್ಬರೂ ಎದುರಾಗುತ್ತಾರೆ. ತೆಗೆದವರನ್ನು ‘ಮೋಸಗಾರ’, ‘ಸುಳ್ಳುಬುರುಕ’ ಎಂದು ಸೂಚನೆಯಲ್ಲಿ ಜರಿದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾನನಷ್ಟದ ಪ್ರಕರಣ ನಿಮ್ಮ ಮೇಲೆಯೇ ಬರಬಹುದು. ಏನು ಮಾಡಿದರೆಂದು ಬರೆಯಿರಿ, ಎಂಥವರೆಂದು ಬರೆಯಬೇಡಿ.

ಎಡವುವುದು ಹೆಚ್ಚಾಗಿ ವಾಪಸು ಸೇರಿಸುವಾಗ. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರನ್ನಷ್ಟೇ ಕೆಲ ದಿನ ಸುಮ್ಮನಿರಿಸುವ ಸೌಲಭ್ಯವಿಲ್ಲ. ಒಂದೋ ತೆಗೆಯಬೇಕು, ಇಲ್ಲವೇ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡಿ ಎಲ್ಲರ ಬಾಯಿ ಕಟ್ಟಬೇಕು. ಹಾಗಾಗಿ ವಾರದ ಶಿಕ್ಷೆಗೂ ತೆಗೆಯುವುದೇ ದಾರಿ. ಆಮೇಲೆ ಸೇರಿಸುವುದು ಮರೆತುಹೋಗಿ ವಾರದ ಶಿಕ್ಷೆ ಕಾಯಂ ಆಗುತ್ತದೆ. ಇಬ್ಬರು ಅಡ್ಮಿನ್‌ಗಳ ಮೊಬೈಲಿನಲ್ಲಿ ಆ ದಿನಕ್ಕೆ ರಿಮೈಂಡರ್ ಇಡಿ. ಅವರ ಪ್ರೈವಸಿ ಸೆಟ್ಟಿಂಗ್‌ನಿಂದಾಗಿ ನೇರವಾಗಿ ಸೇರಿಸಲು ಬಾರದಿದ್ದರೆ ಆಹ್ವಾನದ ಲಿಂಕ್ ಕಳಿಸಿ. ಇನ್ನೊಂದು ಮಾತು: ಅಳಿಸುವ ಮುನ್ನ ಸ್ಕ್ರೀನ್‌ಶಾಟ್ ತೆಗೆದಿಡಿ, ಇಲ್ಲದಿದ್ದರೆ ಮೇಲ್ಮನವಿ ಕೇಳುವವರು ಏನನ್ನು ನೋಡಿ ತೀರ್ಮಾನಿಸಬೇಕು?

ತುರ್ತಿನಲ್ಲಿ ಕ್ರಮ ಬದಲಾಗಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್‌ಗೇಟ್ (ನೀರು ಹೊರಬಿಡುವ ಗೇಟು) ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಅಂಥ ಹೊತ್ತಿನಲ್ಲಿ ಸುಳ್ಳು ಪ್ರವಾಹದ ಸುದ್ದಿ ಕಂಡರೆ ಒಬ್ಬ ಅಡ್ಮಿನ್ ಕೂಡಲೇ ಅಳಿಸಲಿ. ಕಾರಣ ಬರೆಯುವುದು ಒಂದೆರಡು ಗಂಟೆ ತಡವಾದರೆ ಪರವಾಗಿಲ್ಲ, ಮರುದಿನಕ್ಕೆ ಹೋಗಬಾರದು.

ಪ್ರಶ್ನೆ: ಭತ್ತ-ಅಕ್ಕಿ ದರದ ಟೆಲಿಗ್ರಾಂ ಗ್ರೂಪಿನಿಂದ ನನ್ನನ್ನು ತೆಗೆದಿದ್ದಾರೆ. ಕಾರಣ ಕೇಳಿದರೆ ‘ನಿಯಮ ಉಲ್ಲಂಘನೆ’ ಅಂತಷ್ಟೇ ಉತ್ತರ. ಕಂಪನಿಗೆ ದೂರು ಕೊಡಬಹುದೇ? — ಓದುಗರು, ಗಂಗಾವತಿ

ಉತ್ತರ: ಕೊಡಬಹುದು, ಆದರೆ ಗ್ರೂಪಿಗೆ ವಾಪಸು ಸೇರಿಸುವ ಕೆಲಸ ಅದರಿಂದ ಆಗದು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ 24 ಗಂಟೆಯೊಳಗೆ ದೂರು ಸ್ವೀಕರಿಸಿದ್ದಾಗಿ ತಿಳಿಸಬೇಕು, ಸಾಮಾನ್ಯವಾಗಿ 7 ದಿನದೊಳಗೆ ಇತ್ಯರ್ಥ ಮಾಡಬೇಕು (2026ರ ಫೆಬ್ರವರಿಯ ತಿದ್ದುಪಡಿಗೆ ಮುನ್ನ ಇದು 15 ದಿನವಿತ್ತು). ಈ ಹೊಣೆ ಕಂಪನಿಯದು. ಗ್ರೂಪಿನ ಅಡ್ಮಿನ್‌ಗಳು ಕಾರಣ ಕೊಡಲೇಬೇಕೆಂದು ಆ ನಿಯಮಗಳು ಹೇಳುವುದಿಲ್ಲ.

ಆದ್ದರಿಂದ ಅಡ್ಮಿನ್‌ಗಳನ್ನೇ ಕೇಳಿ, ಬೇಗ ಕೇಳಿ. ಟೆಲಿಗ್ರಾಂನಲ್ಲಿ ಅಡ್ಮಿನ್‌ಗಳು ಮಾಡಿದ ಕ್ರಮಗಳ ಪಟ್ಟಿ ಅಡ್ಮಿನ್‌ಗಳಿಗಷ್ಟೇ ಕಾಣುತ್ತದೆ, ಅದೂ 48 ಗಂಟೆಯವರೆಗಿನದು. ಆಮೇಲೆ ಯಾವ ಸಂದೇಶಕ್ಕೆ ಕ್ರಮವಾಯಿತೆಂದು ಅವರಿಗೂ ಹುಡುಕಲಾಗದು. ‘ನನ್ನನ್ನೇಕೆ ತೆಗೆದಿರಿ’ ಎಂದು ಕೇಳಿದರೆ ಸಿಗುವುದು ನಿಮಗೆ ಸಿಕ್ಕಂಥದೇ ಉತ್ತರ. ಯಾವ ದಿನದ ಯಾವ ಸಂದೇಶ, ಯಾವ ನಿಯಮ, ಎಷ್ಟು ದಿನಕ್ಕೆ, ಮರುಪರಿಶೀಲನೆ ಯಾರಿಂದ ಎಂದು ಬಿಡಿಬಿಡಿಯಾಗಿ ಕೇಳಿ. ಇಷ್ಟು ತೆರೆದಿಟ್ಟರೆ ಆಡಳಿತ ನಡೆಯದು ಎಂದು ಅವರು ವಾದಿಸಿದರೆ ಕನ್ನಡ ವಿಕಿಪೀಡಿಯದ ನಿರ್ಬಂಧ ದಾಖಲೆ ತೆರೆದು ತೋರಿಸಿ. ಯಾರ ಮೇಲೆ, ಯಾವ ನಿರ್ವಾಹಕರು, ಯಾವಾಗ, ಎಷ್ಟು ಕಾಲ ನಿರ್ಬಂಧ ಹಾಕಿದರು, ಕೊಟ್ಟ ಕಾರಣವೇನು ಎಂಬುದನ್ನು ಲಾಗಿನ್ ಆಗದವರೂ ಅಲ್ಲಿ ಓದಬಹುದು.

ಪ್ರಶ್ನೆ: ‘ಇಂಥದ್ದನ್ನು ಬಿಟ್ಟರೆ ಪೊಲೀಸರು ನಮ್ಮನ್ನೇ ಹಿಡಿಯುತ್ತಾರೆ’ ಎಂದು ನಮ್ಮ ಬಡಾವಣೆಯ ಅಡ್ಮಿನ್ ಟೀಕೆಗಳನ್ನೆಲ್ಲ ಅಳಿಸುತ್ತಾರೆ. ಇದು ಸರಿಯೇ? — ಓದುಗರು, ಬಳ್ಳಾರಿ

ಉತ್ತರ: ಸದಸ್ಯರು ಹಾಕಿದ ಸಂದೇಶಕ್ಕೆ ಅಡ್ಮಿನ್ ಆದ ಮಾತ್ರಕ್ಕೆ ಕ್ರಿಮಿನಲ್ ಹೊಣೆ ಬರುವುದಿಲ್ಲವೆಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಅಡ್ಮಿನ್ ತಾನೂ ಆ ಕೃತ್ಯದಲ್ಲಿ ಪಾಲುದಾರನಾಗಿದ್ದರೆ ಮಾತು ಬೇರೆ. ಚರಂಡಿ, ನೀರಿನ ಬಿಲ್ಲು, ಸಂಘದ ಲೆಕ್ಕದ ಬಗೆಗಿನ ಟೀಕೆಗೆ ಈ ಭಯ ಅನ್ವಯಿಸುವುದೇ ಇಲ್ಲ. ಯಾವ ನಿಯಮದಡಿ ಎಷ್ಟು ಸಂದೇಶ ಅಳಿಸಿದರು, ಎಷ್ಟು ಮೇಲ್ಮನವಿ ಬಂತು, ಎಷ್ಟು ತೀರ್ಮಾನ ಬದಲಾಯಿತು ಎಂದು ತಿಂಗಳಿಗೊಮ್ಮೆ ಹಾಕುವಂತೆ ಕೇಳಿ. ಅಳಿಸಿದ್ದೆಲ್ಲ ಸಂಘದ ಲೆಕ್ಕ ಕೇಳಿದವರದೇ ಆಗಿದ್ದರೆ ಮುಂದಿನ ಸಂಘದ ಸಭೆಯಲ್ಲಿ ಆ ಪಟ್ಟಿಯನ್ನೇ ಇಟ್ಟು ಪ್ರಶ್ನಿಸಬಹುದು.