ಸ್ಟಡ್ ಮುರಿದು ಹೆಡ್ಡಿನೊಳಗೇ ಉಳಿದಿದೆ, ಈಗೇನು ಮಾಡೋದು?

ಪ್ರಶ್ನೆ: ಸರ್, ನಮ್ಮೂರು ಗದಗ ಕಡೆ, ಈಗ ಗೋವಾದ ವಾಸ್ಕೋದಲ್ಲಿ ಕೆಲಸ. 12 ವರ್ಷದ ಹಳೆ ಪೆಟ್ರೋಲ್ ಕಾರು ಇದೆ, ಬಂದರಿನ ಹತ್ತಿರ ಬಯಲಲ್ಲೇ ನಿಲ್ಲಿಸುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಇಂಜಿನ್ನಿಂದ ಟಿಕ್ ಟಿಕ್ ಸದ್ದು ಬರುತ್ತಿತ್ತು, ಬಿಸಿಯಾದ ಮೇಲೆ ನಿಲ್ಲುತ್ತಿತ್ತು. ಗ್ಯಾರೇಜಿನವರು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿನ ಹೊಗೆ ಹೊರಗೊಯ್ಯುವ ಕೊಳವೆಗಳ ಜೋಡಣೆ) ಬಿಚ್ಚುವಾಗ ಅದನ್ನು ಹಿಡಿದಿಡುವ ಸ್ಟಡ್ಡುಗಳಲ್ಲಿ (ತಲೆಯಿಲ್ಲದ ಬೋಲ್ಟ್) ತುದಿಯದೊಂದು ಕಟ್ಟಾಯಿತು. ತುಂಡು ಇಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ಡಿನೊಳಗೆ ಇದೆ, ಹೊರಗೆ ಹಿಡಿಯೋಕೆ ಏನೂ ಇಲ್ಲ. ‘ಈಜಿ ಔಟ್ (ಮುರಿದ ಬೋಲ್ಟ್ ತಿರುಗಿಸಿ ತೆಗೆಯುವ ಟೂಲ್) ಹಾಕಿ ನೋಡ್ತೀವಿ, ಬರಲಿಲ್ಲ ಅಂದ್ರೆ ಹೆಡ್ಡೇ ಬದಲಿಸಬೇಕು’ ಅನ್ನುತ್ತಾರೆ. ಒಪ್ಪಿಕೊಳ್ಳಲಾ?

ಉತ್ತರ: ಬೇಡ. ಹೆಡ್ಡಿನ ಮಾತು ಆಮೇಲೆ, ಮೊದಲು ಆ ಈಜಿ ಔಟನ್ನು ಪಕ್ಕಕ್ಕೆ ಇಡೋಕೆ ಹೇಳಿ.

ಮುರಿದ ಬೋಲ್ಟ್ ಕಂಡ ಕೂಡಲೇ ‘ಯಾವ ಟೂಲ್ ಹಾಕೋಣ’ ಅಂತ ಶುರುವಾಗುತ್ತದೆ. ಕೇಳಬೇಕಾದದ್ದು ಅದಲ್ಲ, ಅದು ಯಾಕೆ ಮುರಿಯಿತು ಅನ್ನೋದು. ಜಾಸ್ತಿ ಟೈಟ್ ಮಾಡಿ ಮುರಿದಿದ್ದರೆ ಒಳಗಿನ ತುಂಡು ಸಡಿಲವಾಗಿಯೇ ಇರುತ್ತದೆ, ಸುಲಭವಾಗಿ ಬರುತ್ತದೆ. ನಿಮ್ಮದು ಹಾಗಲ್ಲ. ಬಿಚ್ಚುವಾಗ ಮುರಿದಿದೆ, ಅಂದರೆ ಥ್ರೆಡ್ ಹಿಡಿದುಕೊಂಡಿದೆ. ಪೂರ್ತಿ 8 ಎಂಎಂ ದಪ್ಪದ ಸ್ಟಡ್ಡೇ ಆ ಹಿಡಿತಕ್ಕೆ ಸೋತು ತಿರುಚಿಕೊಂಡು ಹೋಗಿದೆ. ಅದರ ಮಧ್ಯೆ ತೂತು ಕೊರೆದು, ಅದಕ್ಕಿಂತ ಎಷ್ಟೋ ಸಣ್ಣದಾದ ಈಜಿ ಔಟ್ ತೂರಿಸಿ ತಿರುಗಿಸಿದರೆ ಅದು ಗೆಲ್ಲುತ್ತದಾ? ಮೇಲಾಗಿ ಅದು ಮೊನಚಾಗಿರುವುದರಿಂದ ಒಳಗೆ ಹೋದಷ್ಟೂ ತುಂಡನ್ನು ಅಗಲ ಮಾಡಿ ಥ್ರೆಡ್ಡಿಗೆ ಇನ್ನಷ್ಟು ಒತ್ತುತ್ತದೆ. ಕೊನೆಗೆ ಈಜಿ ಔಟ್ ಮುರಿಯುತ್ತದೆ. ಅದರ ಉಕ್ಕು ಎಷ್ಟು ಗಟ್ಟಿ ಅಂದರೆ ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ ಅಷ್ಟೇ, ಕೊರೆಯುವುದಿಲ್ಲ. ಆಗ ಹೆಡ್ ಇಳಿಸಿ, ವೆರ್ಣಾ ಕೈಗಾರಿಕಾ ಪ್ರದೇಶದ ಟೂಲ್‌ರೂಮ್‌ಗಳಲ್ಲಿ ಗಟ್ಟಿ ಉಕ್ಕನ್ನು ವಿದ್ಯುತ್ ಕಿಡಿಗಳಿಂದ ಕೊರೆಯುವ ಸ್ಪಾರ್ಕ್ ಇರೋಷನ್ ಮೆಷಿನ್ ಯಾರ ಹತ್ತಿರ ಇದೆ ಅಂತ ಹುಡುಕಬೇಕಾಗುತ್ತದೆ. ಸಾವಿರದ ಕೆಲಸ ಹೀಗೇ ಹತ್ತಾರು ಸಾವಿರಕ್ಕೆ ಏರೋದು.

ಇನ್ನು ಸ್ಟಡ್ ಹಿಡಿದುಕೊಂಡದ್ದು ಯಾಕೆ? ಅಲ್ಯೂಮಿನಿಯಂಗೆ ಉಕ್ಕು ಸೇರಿದ ಕಡೆ ಉಪ್ಪಿನ ತೇವ ಸಿಕ್ಕರೆ ಅಲ್ಯೂಮಿನಿಯಂ ಕೊರೆದುಹೋಗಿ ಬಿಳಿ ಪುಡಿಯಾಗುತ್ತದೆ, ಆ ಪುಡಿ ಥ್ರೆಡ್ಡಿನ ಸಂದಿಯಲ್ಲಿ ಗಾರೆಯಂತೆ ಕೂರುತ್ತದೆ. ಬಂದರಿನ ಗಾಳಿ, ನಾಲ್ಕು ತಿಂಗಳ ಮಳೆ, ಬಯಲಲ್ಲಿ ನಿಂತ ಗಾಡಿ, ಇನ್ನೇನು ಬೇಕು? ತುದಿಯ ಸ್ಟಡ್ಡೇ ಮುರಿದದ್ದೂ ಆಶ್ಚರ್ಯ ಅಲ್ಲ. ಮ್ಯಾನಿಫೋಲ್ಡ್ ಬಿಸಿಯಾಗಿ ಹಿಗ್ಗುವಾಗ ಎರಡೂ ತುದಿಗಳು ಜಾಸ್ತಿ ಸರಿಯುತ್ತವೆ, ಎಳೆತವೆಲ್ಲ ಅಲ್ಲಿನ ಸ್ಟಡ್ಡುಗಳ ಮೇಲೆ.

ಈಗ ಕೆಲಸಕ್ಕೆ ಬರೋಣ. ನನ್ನ ಮೊದಲ ಆಯ್ಕೆ ನಟ್ ವೆಲ್ಡಿಂಗ್. ತುಂಡಿನ ಮೇಲೆ ಒಂದು ನಟ್ ಇಟ್ಟು, ನಟ್ಟಿನ ತೂತಿನೊಳಗಿಂದ ಮಿಗ್ ವೆಲ್ಡಿಂಗ್‌ನಲ್ಲಿ (ತಂತಿಯೇ ಕರಗಿ ಬೆಸೆಯುವ ವಿಧಾನ) ತುಂಡಿಗೂ ನಟ್ಟಿಗೂ ಬೆಸುಗೆ ಹಾಕುವುದು. ಎಂ8, ಅಂದರೆ 8 ಎಂಎಂ ಸ್ಟಡ್ಡಿಗೆ ಎಂ10 ನಟ್ ಇಟ್ಟರೆ ವೆಲ್ಡಿಂಗ್ ತಂತಿ ತಳದವರೆಗೆ ಆರಾಮಾಗಿ ಹೋಗುತ್ತದೆ. ತುಂಡು ಸ್ವಲ್ಪ ಒಳಗೆ ಹೂತಿದ್ದರೆ ಮೊದಲು ಚುಕ್ಕೆ ಚುಕ್ಕೆಯಾಗಿ ಲೋಹ ಏರಿಸಿಕೊಂಡು ಹೊರಗೆ ತರಬೇಕು. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಹಾಗಾಗಿ ಕೈ ಪಳಗಿದವರು ಮಾಡಿದರೆ ಹೆಡ್ಡಿಗೆ ಭಯ ಕಡಿಮೆ. ಇದರಲ್ಲಿ ನಿಜವಾಗಿ ಕೆಲಸ ಮಾಡೋದು ನಟ್ ಅಲ್ಲ, ಬಿಸಿ. ತುಂಡು ಕೆಂಪಗೆ ಕಾದು ಹಿಗ್ಗಿ ಸಂದಿಯ ಆ ಪುಡಿಯನ್ನು ಜಜ್ಜುತ್ತದೆ, ಆರುವಾಗ ಕುಗ್ಗಿ ಹಿಡಿತ ಬಿಡುತ್ತದೆ.

ಅದಕ್ಕೇ ವೆಲ್ಡ್ ಮಾಡಿದ ತಕ್ಷಣ ಪಾನಾ ಹಾಕಿ ಎಳೆಯಬೇಡಿ. ಕೆಂಪು ಹೋಗಿ ಸ್ವಲ್ಪ ಆರಲಿ. ಇನ್ನೂ ಬಿಸಿ ಇರುವಾಗಲೇ ಬುಡಕ್ಕೆ ಮೇಣದಬತ್ತಿ ಮುಟ್ಟಿಸಿ, ಕರಗಿದ ಮೇಣ ಥ್ರೆಡ್ಡಿಗೆ ಇಳಿಯುತ್ತದೆ. ಆಮೇಲೆ ಸಣ್ಣ ಪಾನಾದಲ್ಲಿ ಕಾಲು ಇಂಚು ಟೈಟ್ ಕಡೆಗೆ, ಕಾಲು ಇಂಚು ಲೂಸ್ ಕಡೆಗೆ, ಹಿಂದೆ ಮುಂದೆ. ಒಂದೇ ದಿಕ್ಕಿಗೆ ಜಗ್ಗಿದರೆ ಮತ್ತೆ ಮುರಿಯುತ್ತದೆ. ನಟ್ ಕಿತ್ತು ಬಂದರೆ ಬೇಜಾರು ಬೇಡ, ಇನ್ನೊಂದು ನಟ್ ಇಟ್ಟು ವೆಲ್ಡ್ ಮಾಡಿ. ಪ್ರತಿ ಸಲ ಕಾದು ಆರಿದಾಗಲೂ ಹಿಡಿತ ಒಂದಿಷ್ಟು ಕಡಿಮೆಯಾಗುತ್ತದೆ.

ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಲೇಬೇಕು, ಇಲ್ಲದಿದ್ದರೆ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಡಬಹುದು. ವೆಲ್ಡಿಂಗ್ ಮೆಷಿನ್ನಿನ ಅರ್ಥ್ ಕ್ಲಾಂಪನ್ನು ಕಾರಿನ ಬಾಡಿಯ ಮೇಲೆ ಹಾಕದೆ ಹೆಡ್ಡಿಗೇ, ಹತ್ತಿರದಲ್ಲೇ ಹಾಕಿಸಿ. ಪೆಟ್ರೋಲ್ ಪೈಪು, ವೈರಿಂಗ್ ಪಕ್ಕಕ್ಕೆ ಸರಿಸಿ ಒದ್ದೆ ಗೋಣಿ ಮುಚ್ಚಿಸಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಗ್ಯಾಸ್ ಟಾರ್ಚಿನಲ್ಲಿ ಹೆಡ್ಡನ್ನೇ ಕಾಯಿಸೋಣ ಅಂತ ಯಾರಾದರೂ ಹೇಳಿದರೆ ಹುಷಾರು. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ, ಅದು ಉಪಯೋಗಕ್ಕೆ ಬರುವ ಗುಣವೇ, ಆದರೆ ಅದು ಉಕ್ಕಿನಂತೆ ಕೆಂಪಾಗಿ ಎಚ್ಚರಿಸುವುದಿಲ್ಲ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಹೆಡ್ಡಿನ ಮಿಶ್ರಲೋಹ ಅದಕ್ಕೂ ಮೊದಲೇ. ನೋಡನೋಡುತ್ತಲೇ ಕುಸಿಯುತ್ತದೆ.

ವೆಲ್ಡರ್ ಸಿಗಲಿಲ್ಲ, ಅಥವಾ ಜಾಗವೇ ಸಿಗುತ್ತಿಲ್ಲ ಅಂದರೆ ಡ್ರಿಲ್. ಇಲ್ಲಿ ಎಲ್ಲ ನಿಂತಿರೋದು ತೂತು ನಡುಮಧ್ಯೆ ಬೀಳುವುದರ ಮೇಲೆ. ಮುರಿದ ಮುಖ ಓರೆಕೋರೆ ಇರುತ್ತದೆ, ಬಿಟ್ ಜಾರಿದರೆ ಮೆತ್ತಗಿರುವ ಅಲ್ಯೂಮಿನಿಯಂ ಕಡೆಗೇ ಜಾರುತ್ತದೆ. ಒಂದು ಉಪಾಯ: ಮ್ಯಾನಿಫೋಲ್ಡಿನ ತೂತಿಗೆ ಸರಿಯಾಗಿ ಕೂರುವ, ನಡುವೆ 3 ಎಂಎಂ ತೂತಿರುವ ಬುಷ್ (ಸಣ್ಣ ಲೋಹದ ಕೊಳವೆ) ಒಂದನ್ನು ಲೇತಿನವರ ಹತ್ತಿರ ಮಾಡಿಸಿ. ಮ್ಯಾನಿಫೋಲ್ಡನ್ನು ಉಳಿದ ಸ್ಟಡ್ಡುಗಳಿಗೆ ವಾಪಸ್ ಹಾಕಿ, ಬುಷ್ ಇಟ್ಟು ಅದರ ಮೂಲಕವೇ ಕೊರೆಯಿರಿ. ಆಮೇಲೆ ಸ್ವಲ್ಪ ಸ್ವಲ್ಪ ಅಗಲ ಮಾಡುತ್ತಾ ಹೋಗಿ. ಉಲ್ಟಾ ತಿರುಗುವ ಎಡಗೈ ಡ್ರಿಲ್ ಬಿಟ್ ಸಿಕ್ಕರೆ ಇನ್ನೂ ಒಳ್ಳೆಯದು, ಕೊರೆಯುತ್ತಿರುವಾಗಲೇ ಕೆಲವು ಸಲ ತುಂಡು ತಾನಾಗಿ ಹೊರಗೆ ಬರುತ್ತದೆ. ಗೋವಾದಲ್ಲಿ ಸಿಗದಿದ್ದರೆ ಮುಂಬೈನ ನಾಗದೇವಿ ಸ್ಟ್ರೀಟಿನ ಟೂಲ್ಸ್ ಅಂಗಡಿಗಳಲ್ಲಿ ವಿಚಾರಿಸಿ, ಆ ಕಡೆ ಹೋಗಿ ಬರುವವರು ನಿಮ್ಮಲ್ಲಿ ಯಾರಾದರೂ ಇದ್ದೇ ಇರುತ್ತಾರೆ. 6.8 ಎಂಎಂವರೆಗೆ ಸರಿಯಾಗಿ ಮಧ್ಯೆ ಹೋದರೆ ಉಳಿಯೋದು ಸ್ಟಡ್ಡಿನ ತೆಳು ಸುರುಳಿ ಮಾತ್ರ, ಅದನ್ನು ಚಿಮುಟದಲ್ಲಿ ಕೀಳಬಹುದು. ತೂತು ಓರೆಯಾಗಿ ಹಳೇ ಥ್ರೆಡ್ ಹಾಳಾಯಿತು ಅನ್ನಿ, ಆಗಲೂ ಹೆಡ್ ಬದಲಿಸಬೇಕಿಲ್ಲ. ಹೆಲಿಕಾಯಿಲ್ ಹಾಕಿಸಿ. ಸ್ಟೇನ್‌ಲೆಸ್ ತಂತಿಯ ಆ ಸುರುಳಿ ಅಲ್ಯೂಮಿನಿಯಂನಲ್ಲಿ ಮೂಲ ಥ್ರೆಡ್ಡಿಗಿಂತ ಗಟ್ಟಿಯಾಗಿಯೇ ನಿಲ್ಲುತ್ತದೆ.

ಮ್ಯಾನಿಫೋಲ್ಡ್ ವಾಪಸ್ ಕೂರಿಸುವಾಗ ಹೊಸ ಗ್ಯಾಸ್ಕೆಟ್ (ಸಂದಿಯಲ್ಲಿ ಸೋರದಂತೆ ತಡೆಯುವ ಪದರ) ಹಾಕಿಸಿ. ಸ್ಟಡ್ಡುಗಳನ್ನೂ ಪೂರ್ತಿ ಸೆಟ್ ಬದಲಿಸಿಬಿಡಿ, ಮುರಿಯದ ಹಳೇ ಸ್ಟಡ್ಡೂ ಅದೇ ಉಪ್ಪು ಕುಡಿದಿದೆ. ಮತ್ತೆ ಹಿಡಿದುಕೊಳ್ಳದಂತೆ ಥ್ರೆಡ್ಡಿಗೆ ತಾಮ್ರದ ಆಂಟಿ ಸೀಜ್ ಪೇಸ್ಟ್ ತೆಳುವಾಗಿ ಸವರಿ, ನಟ್‌ಗಳನ್ನು ನಡುವಿನಿಂದ ತುದಿಗಳ ಕಡೆಗೆ ಟೈಟ್ ಮಾಡಬೇಕು. ಅಲ್ಲಿಯವರೆಗೆ ಗಾಡಿ ಓಡಿಸುವ ಹಾಗಿದ್ದರೆ ಕಿಟಕಿ ತೆರೆದೇ ಇರಲಿ. ಆ ಟಿಕ್ ಟಿಕ್ ಸದ್ದು ಹೊಗೆ ಸೋರುವ ಸದ್ದು, ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಪ್ರಶ್ನೆ: ಮಡಗಾಂವ್‌ನಿಂದ ಕೇಳುತ್ತಿದ್ದೇನೆ. ಇಂಜಿನ್ನಿನ ಮೇಲೆ ಮುಚ್ಚಿರುವ ಟ್ಯಾಪೆಟ್ ಕವರಿನ 6 ಎಂಎಂ ಬೋಲ್ಟ್ ನಾನೇ ಟೈಟ್ ಮಾಡುವಾಗ ಕಟ್ಟಾಯಿತು. ನನಗೂ ವೆಲ್ಡಿಂಗೇ ಗತಿಯಾ?

ಉತ್ತರ: ಅಯ್ಯೋ, ಬೇಡವೇ ಬೇಡ. ನಿಮ್ಮದು ಟೈಟ್ ಮಾಡುವಾಗ ಮುರಿದದ್ದು, ಒಳಗೆ ತುಂಡು ಸಡಿಲವಾಗಿಯೇ ಇದೆ. ಒಂದು ಹನಿ ಎಣ್ಣೆ ಬಿಡಿ. ಚೂಪಾದ ಪಂಚಿನ ತುದಿಯನ್ನು ಅಂಚಿನ ಹತ್ತಿರ ಇಟ್ಟು, ಲೂಸ್ ಆಗುವ ದಿಕ್ಕಿಗೆ ಮೆಲ್ಲಗೆ ತಟ್ಟುತ್ತಾ ತಿರುಗಿಸಿ, ಹೆಚ್ಚಿನ ಸಲ ಹೊರಗೆ ಬರುತ್ತದೆ. ಚೂರು ಒಳಗೆ ಬೀಳದಂತೆ ಸುತ್ತ ಬಟ್ಟೆ ತುರುಕಿರಿ, ವಾಲ್ವ್ ತೆರೆಸುವ ಕ್ಯಾಮ್ ಶಾಫ್ಟಿನ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದೀರಿ. ಈ ಬೋಲ್ಟಿಗೆ ಬೇಕಾದ್ದು ಸುಮಾರು 10 ನ್ಯೂಟನ್ ಮೀಟರ್ ಮಾತ್ರ, ಉದ್ದ ಹಿಡಿಯ ರ‍್ಯಾಚೆಟ್ ಬಿಟ್ಟು ಸಣ್ಣ ಟೀ ಪಾನಾ ಇಟ್ಟುಕೊಳ್ಳಿ. ಟೈಟ್ ಮಾಡಿದರೂ ಆಯಿಲ್ ಸೋರುತ್ತಿದ್ದರೆ ತಪ್ಪು ಬೋಲ್ಟಿನದಲ್ಲ, ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿರುತ್ತದೆ, ಅದನ್ನು ಬದಲಿಸಿ.