ಲೂಕ 22:32ರ 'ಸ್ಟೇರಿಜೋ' ಬಗ್ಗೆ

ಬೈಬಲಿನ ಲೂಕನ ಸುವಾರ್ತೆಯಲ್ಲಿ ಯೇಸು ತನ್ನ ಶಿಷ್ಯ ಪೇತ್ರನಿಗೆ "ಸಹೋದರರನ್ನು ಬಲಪಡಿಸು" ಅಂದದ್ದು ಸುಮ್ನೆ ಧೈರ್ಯ ಹೇಳು ಅಂತಲಾ ಎಂದು ಕೇಳಿದ್ದೀರಿ. ಅಷ್ಟೇ ಅಲ್ಲ. ಅಲ್ಲಿರುವ ಗ್ರೀಕ್ ಕ್ರಿಯಾಪದ ಸ್ಟೇರಿಜೋ. ಅಲುಗಾಡದಂತೆ ಗಟ್ಟಿಯಾಗಿ ನಿಲ್ಲಿಸು, ಆಸರೆ ಕೊಡು ಅಂತ ಅರ್ಥ. ಲೂಕ 16:26ರಲ್ಲಿ, ಯೇಸು ಹೇಳಿದ ಕಥೆಯಲ್ಲಿ, ಸತ್ತ ಮೇಲೆ ಐಶ್ವರ್ಯವಂತನಿಗೂ ಬಡ ಲಾಜರನಿಗೂ ನಡುವೆ ಯಾರೂ ದಾಟಲಾಗದ ಹಾಗೆ ಇಟ್ಟಿರುವ ದೊಡ್ಡ ಕಂದಕಕ್ಕೂ ಇದೇ ಪದ. 9:51ರಲ್ಲಿ ಯೇಸು ಯೆರೂಸಲೇಮಿನ ಕಡೆ ಮುಖ ಗಟ್ಟಿಮಾಡಿ ಹೊರಟಾಗಲೂ ಇದೇ. ಅಲ್ಲೆಲ್ಲ ಸಮಾಧಾನದ ಮಾತೇ ಇಲ್ಲ ಅಲ್ವಾ? ಕೋಳಿ ಕೂಗುವ ಮೊದಲೇ ಮೂರು ಸಲ ಯೇಸುವನ್ನು ಗೊತ್ತೇ ಇಲ್ಲ ಅಂದು ಜಾರಲಿದ್ದ ಪೇತ್ರನಿಗೇ ಈ ಕೆಲಸ ಒಪ್ಪಿಸಿದ್ದು ನನಗಂತೂ ಜಾಸ್ತಿ ಇಷ್ಟ.

1 ಪೇತ್ರ 5:10ನ್ನೂ ನೋಡಿ. ಸ್ಟೇರಿಜೋ ಪಕ್ಕದಲ್ಲೇ ಸ್ಥೆನೊಓ ಇದೆ. ಅದು ಶಕ್ತಿ ತುಂಬುವುದು. ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಬರುವುದಿಲ್ಲ.